ತಾಯಿ ಕಾರ್ಡಿನಲ್ಲಿ ಎಳೆಯದೆ ಬಿಟ್ಟ ಗೆರೆ

ಹೋದ ತಿಂಗಳು ತಲಘಟ್ಟಪುರದ ನನ್ನ ಕ್ಲಿನಿಕ್ಕಿಗೆ ಅಜ್ಜಿಯೊಬ್ಬರು ಹನ್ನೊಂದು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದರು. ಬಂದದ್ದು ನೆಗಡಿಗೆ. ಮಗು ಯಾಕೋ ಸೊರಗಿದಂತಿದೆಯಲ್ಲ ಎಂದದ್ದಕ್ಕೆ, “ತೂಕ ಎಲ್ಲಾ ಹಾಕ್ಸಿದೀವಿ ಡಾಕ್ಟ್ರೇ, ಸರಿಯಾಗೈತೆ ಅಂದ್ರು” ಎಂದು ತಾಯಿ ಕಾರ್ಡನ್ನು ಮುಂದಿಟ್ಟರು. ಆರನೇ ತಿಂಗಳಿಗೆ 6.9 ಕಿಲೋ, ಎಂಟಕ್ಕೆ 7.1. ನಾನು ತೂಗಿದಾಗ 7 ಕಿಲೋ.

ನಿಜ ಹೇಳುತ್ತೇನೆ, ಬರೀ ಅಂಕಿ ನೋಡಿದಾಗ ನನಗೂ ಗಾಬರಿಯೇನೂ ಆಗಲಿಲ್ಲ. ಕಾರ್ಡಿನಲ್ಲಿ ಬೆಳವಣಿಗೆ ನಕ್ಷೆಯ ಪುಟ ಖಾಲಿ ಇತ್ತು. ಪೆನ್ನು ತೆಗೆದು ಮೂರು ಚುಕ್ಕೆ ಇಟ್ಟು ಗೆರೆ ಎಳೆದೆ. ಮೂರೂ ಹಸಿರು ಪಟ್ಟಿಯಲ್ಲೇ ಬಿದ್ದವು. ಆದರೆ ಪಟ್ಟಿ ತಿಂಗಳು ತಿಂಗಳಿಗೆ ಮೇಲೇರುತ್ತದೆ, ಈ ಮಗುವಿನ ಗೆರೆ ಮಲಗಿಬಿಟ್ಟಿತ್ತು. ಕೊನೆಯ ಚುಕ್ಕೆ ಹಳದಿಯ ಅಂಚಿನಲ್ಲಿತ್ತು. ಅಜ್ಜಿಗೆ ಓದು ಬಾರದು. ಗೆರೆ ತೋರಿಸಿದೊಡನೆ, “ಅಯ್ಯೋ, ಐದು ತಿಂಗಳಿಂದ ಕೂಸು ಬೆಳ್ದೇ ಇಲ್ವಲ್ಲಪ್ಪ!” ಎಂದರು.

ಓದು ಬಾರದವರಿಗೆ ಗ್ರಾಫ್ ಅರ್ಥವಾಗದು ಎನ್ನುವ ವೈದ್ಯ ಮಿತ್ರರಿದ್ದಾರೆ. ನಾನು ಒಪ್ಪಲಾರೆ. ಈ ನಕ್ಷೆ ಹೆಸರಾದದ್ದೇ ಅಂಥ ತಾಯಂದಿರ ನಡುವೆ. ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ವೈದ್ಯರು ನೈಜೀರಿಯಾದ ಹಳ್ಳಿಯಲ್ಲಿ ಕೆಲಸ ಮಾಡುತ್ತಾ ಇದನ್ನು ರೂಪಿಸಿದರು. ಕಾರ್ಡು ಆಸ್ಪತ್ರೆಯ ಕಪಾಟಿನಲ್ಲಲ್ಲ, ತಾಯಿಯ ಬಳಿಯೇ ಇರಬೇಕೆಂದರು. ನಮ್ಮಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು ಟಿ. ನರಸೀಪುರದಿಂದ. ಇಂದಿನ ನಕ್ಷೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಮಾನದಂಡದ್ದು. ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು. “ನಮ್ಮ ವಂಶವೇ ಸಣಕಲು, ವಿದೇಶಿ ಲೆಕ್ಕ ನಮಗ್ಯಾಕೆ” ಎಂದು ಕೇಳುವವರಿಗೆ ಹೇಳಬೇಕಾದದ್ದು: ಆ ಆರು ದೇಶಗಳ ಅಧ್ಯಯನದಲ್ಲಿ ದೆಹಲಿಯ ಮಕ್ಕಳೂ ಇದ್ದರು.

2021ರಿಂದ ಅಂಗನವಾಡಿಯ ತೂಕ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ಗೆ ಸೇರುತ್ತಿದೆ. ಮೇಲಿನವರಿಗೆ ಲೆಕ್ಕ ಸಿಗುತ್ತದೆ, ಸಂತೋಷ. ಆದರೆ ಮಗುವಿಗೆ ಉಣ್ಣಿಸುವವರು ಮೇಲಿನವರಲ್ಲ. ಮೊಬೈಲಿಗೆ ತೂಕ ಸೇರಿಸಿದವರು ಕಾರ್ಡಿನಲ್ಲೂ ಒಂದು ಚುಕ್ಕೆ ಇಡಬೇಕು. ಕೆಲಸದ ಹೊರೆ ಹೊತ್ತ ಕಾರ್ಯಕರ್ತೆಯರನ್ನಷ್ಟೇ ದೂರುವುದೂ ಸಲ್ಲ. ಎಷ್ಟು ಖಾಸಗಿ ಕ್ಲಿನಿಕ್‌ಗಳಲ್ಲಿ ನಾವು ಆ ಪುಟ ತೆರೆಯುತ್ತೇವೆ? ಲಸಿಕೆಯ ಪುಟಕ್ಕೆ ಸೀಲು ಹಾಕಿ ಮಡಚಿ ಕೊಡುತ್ತೇವೆ, ಅಷ್ಟೇ. ಆದ್ದರಿಂದ ಮಗುವನ್ನು ತೂಗಿದ ಕಡೆಯಲ್ಲೆಲ್ಲ ನೀವೇ ಕೇಳಿ, “ಗೆರೆ ಎಳೆದು ತೋರಿಸಿ” ಅಂತ. ಸಂಕೋಚ ಬೇಡ.

ಗೆರೆ ಮಲಗಿದರೆ ಹಳದಿಗೆ ಇಳಿಯುವ ತನಕ ಕಾಯಬಾರದು. ಬಹಳ ಸಲ ಕಾರಣ ಊಟದಲ್ಲೇ ಇರುತ್ತದೆ. ಈ ಮಗುವಿಗೆ ಎದೆಹಾಲಿನ ಜೊತೆ ಕೊಡುತ್ತಿದ್ದದ್ದು ಗಂಜಿ ತಿಳಿ ಮತ್ತು ಟೀಯಲ್ಲಿ ಅದ್ದಿದ ಬಿಸ್ಕತ್ತು. ಎದೆಹಾಲು ಮುಂದುವರಿಸಿ, ಚಮಚದಿಂದ ಜಾರದಷ್ಟು ಗಟ್ಟಿಯಾಗಿ ರಾಗಿ ಸರಿ, ತುಪ್ಪ ಹಾಕಿ ನುರಿದ ಬೇಳೆ ಅನ್ನ, ಬಾಳೆಹಣ್ಣು, ತಿನ್ನುವವರ ಮನೆಯಾದರೆ ಮೊಟ್ಟೆ ಕೊಡಲು ಹೇಳಿದೆ. ದಿನಕ್ಕೆ ಮೂರು ನಾಲ್ಕು ಸಲ. ಪದೇ ಪದೇ ಭೇದಿ, ಮೂತ್ರದ ಸೋಂಕು, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೂ ತೂಕ ನಿಲ್ಲುತ್ತದೆ. ಅದನ್ನು ವೈದ್ಯರೇ ನೋಡಬೇಕು. ಟಾನಿಕ್ ಬಾಟಲಿಯಿಂದ ಗೆರೆ ಏಳುವುದಿಲ್ಲ. ಅಜ್ಜಿ ಕೇಳಿದರು, ನಾನು ಬರೆದುಕೊಡಲಿಲ್ಲ.

ಮುಂದಿನ ವಾರ ಆ ಮಗುವನ್ನು ಮತ್ತೆ ತೂಗಬೇಕು. ಕಾರ್ಡು ತರಲು ಮರೆಯಬೇಡಿ ಎಂದು ಅಜ್ಜಿಗೆ ಎರಡು ಸಲ ಹೇಳಿ ಕಳಿಸಿದ್ದೇನೆ.