ರೆಕಾರ್ಡಿಂಗ್‌ಗೆ ಬೇಕಾದ ವೇಗ ತಾನಾಗಿಯೇ ಬರಲಿ

ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಹಾಡು ರೆಕಾರ್ಡ್ ಮಾಡುವವರಿಗೆ ನಡುನಡುವೆ ಕೇಳುವ ‘ಚಟ್’ ಸದ್ದು ಹೊಸದೇನಲ್ಲ. ಮೈಕು, ವೈರು, ಸೌಂಡ್ ಕಾರ್ಡು ಎಲ್ಲದರ ಮೇಲೂ ಅನುಮಾನಪಟ್ಟು ಮುಗಿದ ಮೇಲಷ್ಟೇ ಪ್ರೊಸೆಸರಿನ ನೆನಪಾಗುತ್ತದೆ.

ಸೆಕೆಂಡಿಗೆ 48,000 ಸ್ಯಾಂಪಲ್‌ಗಳ ದರದಲ್ಲಿ 128 ಸ್ಯಾಂಪಲ್‌ಗಳ ಬಫರ್ ಇಟ್ಟುಕೊಂಡರೆ, ಪ್ರೊಸೆಸರ್ ಸುಮಾರು 2.7 ಮಿಲಿಸೆಕೆಂಡಿಗೊಮ್ಮೆ ಧ್ವನಿಯ ಒಂದು ಕಂತನ್ನು ಒಪ್ಪಿಸಬೇಕು. ಒಂದು ಕಂತು ತಡವಾದರೂ ದನಿ ತುಂಡಾಗಿ ‘ಚಟ್’ ಎನ್ನುತ್ತದೆ. ಬಲ್ಲವರು ಇದನ್ನು ಎಕ್ಸ್‌ರನ್ ಎನ್ನುತ್ತಾರೆ. ಕಂತು ಒಪ್ಪಿಸಿದ ಪ್ರೊಸೆಸರ್ ಮುಂದಿನದು ಬರುವವರೆಗೆ ಸುಮ್ಮನಿರುತ್ತದೆ. ಈ ಬಿಡುವನ್ನು ಕಂಡ, ಪ್ರೊಸೆಸರಿನ ವೇಗ ನಿರ್ಧರಿಸುವ ಕರ್ನಲ್‌ನ ಗವರ್ನರ್, ಕೆಲಸ ಹೆಚ್ಚಿಲ್ಲವೆಂದು ವೇಗ ಇಳಿಸಿಬಿಡುತ್ತದೆ; ಆಗ ಮುಂದಿನ ಕಂತು ತಡವಾಗಬಹುದು. 2016ರಲ್ಲಿ ಲಿನಕ್ಸ್ 4.7ರ ಜೊತೆ ಬಂದ ಶೆಡ್‌ಯುಟಿಲ್ ಗವರ್ನರ್ ಕೂಡ ಹೊರೆಯ ಅಂದಾಜಿನ ಮೇಲೆಯೇ ನಡೆಯುತ್ತದೆ.

ಗವರ್ನರನ್ನು ವೇಗ ಇಳಿಸದ ಪರ್ಫಾರ್ಮೆನ್ಸ್ ಮೋಡ್‌ಗೆ ಬದಲಿಸಿದರೆ ಈ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ಹಾಗೆಂದು ಅದನ್ನು ಸದಾ ಹಾಗೆಯೇ ಬಿಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಫ್ಯಾನಿನ ಸದ್ದು ಮೈಕಿಗೇ ಸೇರುತ್ತದೆ. ಪ್ರತಿ ಸಲವೂ ಟರ್ಮಿನಲ್ ತೆರೆದು ಪಾಸ್‌ವರ್ಡ್ ಕೊಟ್ಟು ಬದಲಿಸಿಕೊಳ್ಳಿ ಎಂದು ಹಾಡುವವರಿಗೆ ಹೇಳುವುದು ನ್ಯಾಯವಲ್ಲ.

ಕಂಪ್ಯೂಟರ್ ಆಟ ಆಡುವವರಿಗೆ ಈ ಗೋಳಿಲ್ಲ. ಫೆರಲ್ ಇಂಟರ‍್ಯಾಕ್ಟಿವ್ ಕಂಪನಿ 2018ರಲ್ಲಿ ಹೊರತಂದ ಗೇಮ್‌ಮೋಡ್, ಆಟ ಶುರುವಾದಾಗ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಏರಿಸಿ, ಮುಗಿದೊಡನೆ ಹಳೆಯ ಸ್ಥಿತಿಗೆ ತರುತ್ತದೆ. ಸ್ವಾರಸ್ಯವೆಂದರೆ, ಅದು ಆಟಗಳಿಗಷ್ಟೇ ಮೀಸಲಲ್ಲ. ಆರ್ಡೋರ್‌ನಂಥ ರೆಕಾರ್ಡಿಂಗ್ ತಂತ್ರಾಂಶ ತೆರೆಯುವ ಆದೇಶದ ಆರಂಭದಲ್ಲಿ ‘ಗೇಮ್‌ಮೋಡ್‌ರನ್’ ಎಂದು ಸೇರಿಸಿದರೆ ಅಲ್ಲಿಯೂ ಕೆಲಸ ನಡೆಯುತ್ತದೆ. ಪವರ್ ಪ್ರೊಫೈಲ್ಸ್ ಡೀಮನ್‌ನಲ್ಲೂ ಒಂದು ತಂತ್ರಾಂಶ ನಡೆಯುವಷ್ಟು ಹೊತ್ತು ಮಾತ್ರ ಪ್ರೊಫೈಲ್ ಬದಲಿಸುವ ಅನುಕೂಲವಿದೆ.

ಎಲ್ಲ ಎಕ್ಸ್‌ರನ್‌ಗಳಿಗೂ ವೇಗವೊಂದೇ ಮದ್ದಲ್ಲ, ನಿಜ. ಕೆಟ್ಟ ವೈಫೈ ಡ್ರೈವರ್ ಕೂಡ ಇದೇ ಕಾಟ ಕೊಡಬಲ್ಲದು. 2024ರ ಲಿನಕ್ಸ್ 6.12ರಲ್ಲಿ ರಿಯಲ್‌ಟೈಮ್ ಸೌಲಭ್ಯ ಮುಖ್ಯ ಕರ್ನಲ್‌ಗೇ ಸೇರಿದ್ದರಿಂದ ಅಂಥ ತೊಡಕುಗಳ ನಿವಾರಣೆಗೂ ದಾರಿ ಸಲೀಸಾಗಿದೆ.

ಹೀಗಿರುವಾಗ ವೇಗ ಬದಲಿಸುವ ಕೆಲಸವನ್ನು ಬಳಕೆದಾರರ ತಲೆಗೆ ಕಟ್ಟುವುದೇಕೆ? ಫೆಡೋರಾ ಎಂಬ ಲಿನಕ್ಸ್ ವಿತರಣೆಯಲ್ಲಿ 2021ರ 34ನೇ ಆವೃತ್ತಿಯಿಂದ ಧ್ವನಿಯ ಹೊಣೆ ಹೊತ್ತಿರುವ ಪೈಪ್‌ವೈರ್‌ಗೆ, ಯಾವ ತಂತ್ರಾಂಶ ಎಷ್ಟು ಚಿಕ್ಕ ಬಫರ್ ಕೇಳಿದೆ ಎಂಬುದು ಗೊತ್ತೇ ಇರುತ್ತದೆ. ಚಿಕ್ಕ ಬಫರ್ ಕೇಳಿದಾಗ ವೇಗ ಏರಿಸಿ, ಕೆಲಸ ಮುಗಿದಾಗ ಇಳಿಸುವ ವ್ಯವಸ್ಥೆಯನ್ನು ವಿತರಣೆಗಳೇ ಮೊದಲಿನಿಂದ ಅಳವಡಿಸಿ ಕೊಡಬೇಕು. ಬ್ಯಾಟರಿಯ ಮೇಲಿದ್ದರೆ ಬಳಕೆದಾರರನ್ನು ಒಂದು ಮಾತು ಕೇಳಿದರೆ ಸಾಕು.