ಜೀವನಾಂಶವನ್ನು ಶೀಲದ ತಕ್ಕಡಿಯಲ್ಲಿ ತೂಗಬೇಡಿ



“ಅವಳು ಈಗ ಬೇರೊಬ್ಬನ ಜೊತೆ ಇದ್ದಾಳೆ, ಇನ್ನು ಅವಳಿಗೆ ಜೀವನಾಂಶವೇಕೆ?” ಎಂಬ ಮಾತನ್ನು ನೀವು ಕೇಳಿರುವಿರಿ. ಮುರಿದ ಸಂಸಾರಗಳ ಪಂಚಾಯಿತಿಗೆ ಹಿರಿಯರು ಕುಳಿತಲ್ಲಿ, ವಕೀಲರ ಮನೆಯ ಜಗುಲಿಯಲ್ಲಿ, ಈ ಮಾತು ಬಂದೊಡನೆ ಚರ್ಚೆ ಮುಗಿದುಹೋಗುತ್ತದೆ; ಎಲ್ಲರೂ ತಲೆದೂಗುತ್ತಾರೆ. ಆದರೆ ಆ ಒಂದು ಮಾತಿನೊಳಗೆ ಎರಡು ಪ್ರಶ್ನೆಗಳು ಬೆರೆತಿವೆ. ಅವಳ ಹೊಟ್ಟೆಬಟ್ಟೆಗೆ ಈಗ ಬೇರೆ ಆಧಾರವುಂಟೆ ಎಂಬುದು ಒಂದು; ಅವಳ ನಡತೆ ನಮಗೆ ಒಪ್ಪಿತವೆ ಎಂಬುದು ಇನ್ನೊಂದು. ಎರಡನೆಯದನ್ನು ವಿಚಾರಿಸಿ ಮೊದಲನೆಯದಕ್ಕೆ ತೀರ್ಪು ಹೇಳುವುದು ಅನ್ಯಾಯವೆಂಬುದೇ ಈ ಲೇಖನದ ವಾದ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. 1955ರ ಹಿಂದೂ ವಿವಾಹ ಅಧಿನಿಯಮವು ತನ್ನ 2ನೆಯ ಕಲಮಿನಲ್ಲಿಯೇ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಎತ್ತಿ ಹೇಳಿದೆ. ಧರ್ಮದ ಸ್ವರೂಪದ ಬಗೆಗೆ ನಮ್ಮಲ್ಲಿ ಯಾವ ಚರ್ಚೆಯೇ ಇರಲಿ, ನಮ್ಮ ವಿವಾಹ ವಿಚ್ಛೇದನಗಳು ಸಾಮಾನ್ಯವಾಗಿ ಆ ಶಾಸನಕ್ಕೆ ಒಳಪಟ್ಟಿವೆ. ಅದರ 25ನೆಯ ಕಲಮಿನಂತೆ ನ್ಯಾಯಾಲಯವು ಗಂಡನಿಗಾಗಲಿ ಹೆಂಡತಿಗಾಗಲಿ ಶಾಶ್ವತ ಜೀವನಾಂಶ ಕೊಡಿಸಬಹುದು. ಪಡೆಯುವವರು ಮರುಮದುವೆಯಾದರೆ ಆ ಆದೇಶವನ್ನು ಮಾರ್ಪಡಿಸಬಹುದು ಅಥವಾ ರದ್ದುಪಡಿಸಬಹುದು. ಪಡೆಯುವವಳು ಹೆಂಡತಿಯಾಗಿದ್ದು ಅವಳು ಶೀಲವತಿಯಾಗಿ ಉಳಿದಿಲ್ಲವೆಂದು ಕಂಡರೂ, ಪಡೆಯುವವನು ಗಂಡನಾಗಿದ್ದು ವಿವಾಹಬಾಹಿರವಾಗಿ ಸ್ತ್ರೀಸಂಗ ಮಾಡಿದ್ದಾನೆಂದು ಕಂಡರೂ ಹಾಗೆಯೇ ಮಾಡಬಹುದು.

ಆ ವಾಕ್ಯವನ್ನು ಇನ್ನೊಮ್ಮೆ ಓದಿರಿ. ಗಂಡಸಿನ ವಿಷಯದಲ್ಲಿ ಕೇಳುವುದು ಒಂದು ಕೃತ್ಯವನ್ನು; ಹೆಂಗಸಿನ ವಿಷಯದಲ್ಲಿ ಕೇಳುವುದು ಅವಳ ಶೀಲವನ್ನು. ಕೃತ್ಯಕ್ಕೆ ಸಾಕ್ಷಿ ಬೇಕು. ಶೀಲದ ಬಗೆಗೆ ಓಣಿಯೆಲ್ಲ ಮಾತನಾಡಬಹುದು. ಜೀವನಾಂಶ ಕೊಡಬೇಕಾದವನು ತಾನು ಯಾರೊಡನೆ ಬಾಳುತ್ತಿದ್ದಾನೆಂಬುದನ್ನು ಈ ಉಪಕಲಮು ಕೇಳುವುದೇ ಇಲ್ಲ. ಮೂಲ ಶಾಸನದಲ್ಲಿ ಇಂಥ ಪ್ರಸಂಗದಲ್ಲಿ ಆದೇಶವನ್ನು ರದ್ದುಪಡಿಸಲೇಬೇಕೆಂಬ ಕಟ್ಟಳೆಯಿತ್ತು. 1976ರ ತಿದ್ದುಪಡಿಯು ಅದನ್ನು ಸಡಿಲಿಸಿ, ನ್ಯಾಯವೆಂದು ಕಂಡಂತೆ ಮಾರ್ಪಡಿಸುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಟ್ಟಿತು. ಸಂಸತ್ತೇ ಬಿಟ್ಟುಕೊಟ್ಟ ಆ ಕಟ್ಟಳೆಯನ್ನು ನಮ್ಮ ಪಂಚಾಯಿತಿಗಳು ಇನ್ನೂ ಹಿಡಿದುಕೊಂಡಿವೆ!

ಜೀವನಾಂಶಕ್ಕೆ ಎರಡನೆಯ ದಾರಿಯೂ ಉಂಟು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿ ಮುಂದುವರಿದಿದೆ. ವಿಚ್ಛೇದನ ಪಡೆದು ಮರುಮದುವೆಯಾಗದ ಸ್ತ್ರೀಯನ್ನೂ ಅದು ‘ಹೆಂಡತಿ’ ಎಂಬ ಪದದಲ್ಲಿ ಸೇರಿಸಿ ರಕ್ಷಿಸುತ್ತದೆ. ಆದರೆ ವ್ಯಭಿಚಾರದಲ್ಲಿ ಬಾಳುತ್ತಿರುವ ಹೆಂಡತಿಗೆ ಜೀವನಾಂಶವಿಲ್ಲವೆಂದೂ ಅದೇ ಕಲಮು ಹೇಳುತ್ತದೆ. ‘ಬಾಳುತ್ತಿರುವ’ ಎಂದರೆ ಎಂದೋ ಒಮ್ಮೆ ಎಡವಿದುದಲ್ಲ, ನಿರಂತರವಾದ ನಡವಳಿಕೆಯೆಂದು ನ್ಯಾಯಾಲಯಗಳು ಮತ್ತೆ ಮತ್ತೆ ವಿವರಿಸಿವೆ. ಇಲ್ಲಿ ಒಂದು ಸರಳ ಪ್ರಶ್ನೆ ಏಳುತ್ತದೆ. ಮದುವೆಯೇ ಮುಗಿದ ಮೇಲೆ ವ್ಯಭಿಚಾರವೆಲ್ಲಿಯದು? ವ್ರತವೇ ಇಲ್ಲದಲ್ಲಿ ವ್ರತಭಂಗವುಂಟೆ?

2015ರಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಈ ಪ್ರಶ್ನೆಗೆ ಕಠಿಣವಾದ ಉತ್ತರವನ್ನೇ ಕೊಟ್ಟಿತು. ವಿಚ್ಛೇದಿತೆಯು ಮಾಜಿ ಗಂಡನಿಂದ ಜೀವನಾಂಶ ಬಯಸುವುದಾದರೆ ಹಿಂದಿನ ಶಿಸ್ತನ್ನೇ ಪಾಲಿಸಬೇಕು, ಬೇರೊಬ್ಬನೊಡನೆ ಬಾಳುವವಳು ಅವನನ್ನೇ ಕೇಳಲಿ ಎಂಬುದು ಅದರ ಅಭಿಪ್ರಾಯ. ನ್ಯಾಯಪೀಠದ ಬಗೆಗೆ ಗೌರವವಿಟ್ಟುಕೊಂಡೇ ಕೇಳುತ್ತೇನೆ: ಆ ಹೊಸಬನನ್ನು ಅವಳು ಯಾವ ಬಲದಿಂದ ಕೇಳಬೇಕು? 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯು ‘ವಿವಾಹದ ಸ್ವರೂಪದ ಸಂಬಂಧ’ದಲ್ಲಿರುವ ಸ್ತ್ರೀಗೆ ದೌರ್ಜನ್ಯವಾದಾಗ ರಕ್ಷಣೆ ಕೊಡುತ್ತದೆ, ನಿಜ. ಆದರೆ ಅಂಥ ಸಂಬಂಧವೆನಿಸಬೇಕಾದರೆ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು, ಸಮಾಜದ ಕಣ್ಣಿಗೆ ದಂಪತಿಗಳಂತೆ ಗಣನೀಯ ಕಾಲ ಬಾಳಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಷರತ್ತುಗಳನ್ನು ಹೇಳಿತು. ಹೊಸಬನಿಗೆ ಮೊದಲೇ ಹೆಂಡತಿಯಿದ್ದರೆ ಇವಳಿಗೆ ಆ ಬಾಗಿಲು ತೆರೆಯುವುದೇ ಕಷ್ಟ. ಹೀಗೆ ಹಳೆಯ ಆಸರೆಯನ್ನು ಕಿತ್ತುಕೊಂಡ ಮೇಲೆ ಹೊಸ ಆಸರೆಯೂ ದಕ್ಕದೆ ಅವಳು ಬೀದಿಯಲ್ಲಿ ನಿಲ್ಲುತ್ತಾಳೆ. ಇದನ್ನು ಧರ್ಮವೆನ್ನೋಣವೆ?

ಜೀವನಾಂಶವೆಂದರೆ ಭಿಕ್ಷೆಯೆಂಬ ಭಾವನೆಯೇ ಈ ತಪ್ಪಿಗೆಲ್ಲ ಬೇರು. ಹತ್ತು ಹದಿನೈದು ವರ್ಷ ಅಡಿಗೆ ಮಾಡಿ, ಅತ್ತೆಮಾವಂದಿರ ಸೇವೆ ಮಾಡಿ, ಮಕ್ಕಳನ್ನು ಹೆತ್ತು ಸಾಕಿ, ತನ್ನ ಓದು ಉದ್ಯೋಗಗಳನ್ನು ಕೈಬಿಟ್ಟವಳ ದುಡಿಮೆಯು ಕಾಯಕವಲ್ಲವೆ? ಆ ಕಾಯಕದ ಫಲವಾಗಿ ಗಂಡನ ಸಂಬಳ ಬೆಳೆಯಿತು, ಮನೆ ಎದ್ದಿತು, ಹೊಲ ಹಸನಾಯಿತು. ಸಂಸಾರ ಮುರಿದಾಗ ಅವಳ ಪಾಲಿಗೆ ಬರುವ ತಿಂಗಳ ಹಣದಲ್ಲಿ ಆ ಹಿಂದಿನ ದುಡಿಮೆಯ ಋಣವೂ ಸೇರಿದೆ. ಕಾಯಕಜೀವಿಗೆ ಸಲ್ಲಬೇಕಾದುದನ್ನು ಅವನ ಇಂದಿನ ನಡತೆ ನೋಡಿ ಕತ್ತರಿಸುವ ಧಣಿಯನ್ನು ನಾವು ಮೆಚ್ಚುವುದಿಲ್ಲ. ಹೆಂಡತಿಯ ವಿಷಯದಲ್ಲಿ ಮಾತ್ರ ಅಂಥ ಧಣಿಯನ್ನು ಏಕೆ ಮೆಚ್ಚಬೇಕು?

“ಹಾಗಾದರೆ ಇನ್ನೊಬ್ಬನ ಸಂಸಾರಕ್ಕೆ ಮೊದಲಿನ ಗಂಡ ದುಡಿದು ಹಾಕಬೇಕೆ?” ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಹೊಸ ಸಂಗಾತಿಯು ಮನೆಬಾಡಿಗೆ ಕೊಡುತ್ತಿದ್ದರೆ, ದಿನಸಿ ತರುತ್ತಿದ್ದರೆ, ಅವಳ ಅಗತ್ಯವು ಅಷ್ಟರಮಟ್ಟಿಗೆ ಇಳಿದಿದೆ. ಅಷ್ಟನ್ನು ಲೆಕ್ಕಹಾಕಿ ಜೀವನಾಂಶವನ್ನು ಇಳಿಸುವುದು ನ್ಯಾಯವೇ. ಆ ಆಸರೆಯನ್ನು ಮುಚ್ಚಿಟ್ಟು ಎರಡೂ ಕಡೆ ಪಡೆಯುವವಳನ್ನು ನಾನು ಸಮರ್ಥಿಸಲಾರೆ; ಅದು ಸತ್ಯಶುದ್ಧ ಬದುಕಲ್ಲ. ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ವಿಧಿಸಿದೆ. ಅಂಥ ಲೆಕ್ಕದಿಂದಲೇ ತೀರ್ಮಾನವಾಗಲಿ. ನಮ್ಮ ನ್ಯಾಯಪದ್ಧತಿಗೆ ಮಾದರಿಯಾದ ಇಂಗ್ಲೆಂಡಿನಲ್ಲಿಯೂ ಮರುಮದುವೆಯಾದರೆ ಜೀವನಾಂಶದ ಕಂತು ನಿಲ್ಲುತ್ತದೆ. ಬರಿಯ ಸಹಜೀವನದಿಂದ ಅದು ತಾನಾಗಿ ನಿಲ್ಲುವುದಿಲ್ಲ. ಅದರಿಂದ ಹಣಕಾಸಿನಲ್ಲಿ ಏನು ಬದಲಾಯಿತೆಂದು ನ್ಯಾಯಾಲಯ ವಿಚಾರಿಸುತ್ತದೆ. ನಾನು ಕೇಳುವುದೂ ಇಷ್ಟನ್ನೇ. ಅಡಿಗೆಮನೆಯ ಲೆಕ್ಕ ನೋಡಿರಿ, ಮಲಗುವ ಮನೆಯ ಕಿಟಕಿಯಲ್ಲಿ ಇಣುಕಬೇಡಿ.

ಮಕ್ಕಳ ವಿಷಯದಲ್ಲಂತೂ ಯಾವ ವಾದಕ್ಕೂ ಎಡೆಯಿಲ್ಲ. ಮಗುವಿನ ಜೀವನಾಂಶವು ಮಗುವಿನದೇ ಹಕ್ಕು. ತಾಯಿ ಮರುಮದುವೆಯಾಗಲಿ, ಯಾರೊಡನೆಯಾದರೂ ಬಾಳಲಿ, ತಂದೆಯ ಹೊಣೆ ಅಳಿಯುವುದಿಲ್ಲ. ಹೀಗಿದ್ದೂ ತಾಯಿಯ ಮೇಲಿನ ಸಿಟ್ಟಿಗೆ ಮಗಳ ಶಾಲೆಯ ಶುಲ್ಕವನ್ನು ನಿಲ್ಲಿಸುವ ತಂದೆಯರಿದ್ದಾರೆ, ಅವರ ಬೆನ್ನು ತಟ್ಟುವ ಹಿರಿಯರೂ ಇದ್ದಾರೆ. ಏನೂ ಅರಿಯದ ಕೂಸಿಗೆ ದಂಡ ವಿಧಿಸುವ ಇಂಥ ಪಂಚಾಯಿತಿಯಲ್ಲಿ ಕೂಡುವುದಕ್ಕಿಂತ ಮನೆಯಲ್ಲಿರುವುದು ಲೇಸು.

ನಮ್ಮ ಹಿರಿಯರನ್ನು ಸ್ವಲ್ಪ ನೆನೆಯೋಣ. ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ಉಡಿಕೆಯ ಪದ್ಧತಿಯಿತ್ತು. ಗಂಡ ತೀರಿದವಳಿಗೆ, ಗಂಡನನ್ನು ಬಿಟ್ಟವಳಿಗೆ ಮತ್ತೆ ಸೀರೆಯುಡಿಸಿ ಮನೆ ತುಂಬಿಸಿಕೊಳ್ಳುತ್ತಿದ್ದರು. ಎರಡನೆಯ ಬಾಳನ್ನು ಅವರು ಪಾಪವೆನ್ನಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸಂಕವ್ವೆಯಂಥ ಪುಣ್ಯಸ್ತ್ರೀಯನ್ನೂ ತಮ್ಮ ನಡುವೆ ಕೂರಿಸಿಕೊಂಡರು. ಅವಳ ವಚನ ಇಂದಿಗೂ ಉಳಿದಿದೆ. ಆ ಪರಂಪರೆಯ ನಾವು ಇಂದು ವಿಚ್ಛೇದಿತೆಯ ಬಾಗಿಲಲ್ಲಿ ಯಾರ ಚಪ್ಪಲಿಯಿದೆಯೆಂದು ಎಣಿಸುತ್ತ ಕುಳಿತರೆ ಯಾವ ಮುಖದಿಂದ ಶರಣರ ಹೆಸರು ಹೇಳುವುದು?

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ವಕೀಲರಾಗಿ, ಅಧಿಕಾರಿಗಳಾಗಿ, ಊರ ಹಿರಿಯರಾಗಿ ಬೆಳೆದಿರುವ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ನನ್ನ ಬಿನ್ನಹವಿದು. ವಕೀಲರಾದವರು ಕಕ್ಷಿದಾರನ ಸಿಟ್ಟಿಗೆ ಒಳಗಾಗಿ ಅವಳ ಶೀಲವನ್ನು ಕೋರ್ಟಿನಲ್ಲಿ ಹರಾಜಿಗಿಡಬೇಡಿ. ಆದಾಯ ಬದಲಾಗಿದ್ದರೆ ಅದನ್ನು ರುಜುವಾತುಪಡಿಸಿ. ಪಂಚರಾದವರು ಗಂಡಿಗೊಂದು ಹೆಣ್ಣಿಗೊಂದು ಅಳತೆಯಿಟ್ಟುಕೊಳ್ಳಬೇಡಿ. ಕೂಡಿ ಬಾಳಬಯಸುವ, ಮದುವೆಗೆ ಅಡ್ಡಿಯಿಲ್ಲದ ಜೋಡಿ ನಿಮ್ಮ ಬಳಿ ಬಂದರೆ ಮರ್ಯಾದೆಯಿಂದ ಮದುವೆ ಮಾಡಿಸಿ. ಆಗ ಜೀವನಾಂಶದ ಪ್ರಶ್ನೆಯೂ ನೇರವಾಗಿ ಬಗೆಹರಿಯುತ್ತದೆ. ಅನ್ನವಿಕ್ಕುವಾಗ ನಮ್ಮ ಮಠವು ಯಾರ ಕುಲವನ್ನೂ ಕೇಳಲಿಲ್ಲ, ಯಾರ ಶೀಲವನ್ನೂ ಕೇಳಲಿಲ್ಲ. ಆ ಅನ್ನವನ್ನು ಉಂಡ ನಾವು ಇನ್ನೊಬ್ಬಳ ಅನ್ನ ಕಸಿಯುವಾಗ ಅದನ್ನು ಕೇಳುವುದು ತರವೆ? ನೀವೇ ಯೋಚಿಸಿರಿ.