ಒಂದು ಕೇಬಲ್ಲಿಗಾಗಿ ಕಂಪ್ಯೂಟರ್ ಮೂಕವಾಗಬೇಕೇ?

ಶಾಲೆಯಲ್ಲಿ ಕಂಪ್ಯೂಟರ್ ಇದೆ, ಆಂಪ್ಲಿಫೈಯರ್ ಇದೆ. ನಡುವಿನ ಕೇಬಲ್ ಮಾತ್ರ ಇಲ್ಲ. ಹಾಗಾಗಿ ಇಂಗ್ಲಿಷ್ ಪಾಠದ ವಿಡಿಯೊ ಹಿಂದಿನ ಸಾಲಿನ ಮಕ್ಕಳಿಗೆ ಕೇಳುವುದೇ ಇಲ್ಲ. ಇಷ್ಟಕ್ಕೂ ಅನುದಾನ ಕಾಯಬೇಕೇ? ಬೇಡ, ಊರಲ್ಲೇ ಮಾಡಿಸಬಹುದು.

ಕಂಪ್ಯೂಟರಿನ ಹಸಿರು ತೂತಿಗೆ 3.5 ಎಂ.ಎಂ. ಸ್ಟೀರಿಯೊ ಪಿನ್ ಬೇಕು. ಅದರ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಇನ್ನೊಂದು ತುದಿಗೆ ಎರಡು ಆರ್‌ಸಿಎ ಪಿನ್: ಬಿಳಿಯದು ಎಡಕ್ಕೆ, ಕೆಂಪು ಬಲಕ್ಕೆ. ಶೀಲ್ಡ್ ವೈರನ್ನೇ ಬಳಸಿ. ಸಾದಾ ವೈರಾದರೆ ಗುಂಯ್ ಎನ್ನುವ ಸದ್ದು ಸೇರಿಕೊಳ್ಳಬಹುದು. ಆಂಪ್ಲಿಫೈಯರ್‌ನಲ್ಲಿ ಒಂದೇ ಇನ್‌ಪುಟ್ ಇದ್ದರೆ ಎಡ-ಬಲ ವೈರುಗಳನ್ನು ನೇರವಾಗಿ ಕೂಡಿಸಬೇಡಿ. ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಕೂಡಿಸಿ. ಮೈಕ್ ತೂತಿಗಲ್ಲ, ಆಕ್ಸ್ ತೂತಿಗೆ ಚುಚ್ಚಿ.

ಈ ಬೆಸುಗೆ ಕೆಲಸ ಮೈಕ್‌ಸೆಟ್‌ನವರಿಗೆ ನೀರು ಕುಡಿದಷ್ಟು ಸುಲಭ. ಜಾತ್ರೆ, ಮದುವೆಗೆ ಕರೆಯುವ ಅವರನ್ನು ಶಾಲೆಗೆ ಯಾಕೆ ಕರೆಯಬಾರದು? ಎಸ್‌ಡಿಎಂಸಿಯವರು ಒಂದು ಶನಿವಾರ ಕರೆಸಿ, ಕೂಲಿ ಕೊಟ್ಟು, ದೊಡ್ಡ ತರಗತಿಯ ಮಕ್ಕಳ ಎದುರೇ ಮಾಡಿಸಲಿ. ಕೇಬಲ್ ಇವತ್ತಲ್ಲ ನಾಳೆ ಕಿತ್ತುಹೋಗುತ್ತದೆ. ಕಲಿತ ಕೆಲಸ ಮಕ್ಕಳ ಕೈಯಲ್ಲಿ ಉಳಿಯುತ್ತದೆ.